ಇಡೀ ಮನೆತನಾನ ವರ್ಷಕ್ಕೊಂದ್ಸಲ ಒಂದೇ ಚಪ್ಪರದಡಿ ಸೇರ್ಸೋದು ಹೇಗೆ: ಮೊದಲನೇ ಫೋನ್ ಕಾಲ್‌ನಿಂದ ಟ್ರಂಕಿನ ಬೀಗದ ಕೈವರೆಗೂ

ನಾನು ಈ ಮನೆ ಹೆಣ್ಮಗಳು, ಕೊಟ್ಟಿರೋದು ಚಿಕ್ಕಮಗಳೂರಿಗೆ. ನಮ್ಮ ತೌರಿನವರನ್ನ ಗೊರೂರು ಕಡೆ ಪಟೇಲರ ಮನೆಯೋರು ಅಂತ ಗುರುತಿಸ್ತಿದ್ರು, ಆ ಊರು ಈಗಿಲ್ಲ, ಹೇಮಾವತಿ ಹಿನ್ನೀರಿನ ಕೆಳಗಿದೆ. ಶೆಟ್ಟಿಹಳ್ಳಿ ಚರ್ಚ್ ಫೋಟೋ ನೋಡಿರ್ತೀರಲ್ಲ, ಮಳೆಗಾಲದಲ್ಲಿ ಅರ್ಧ ಮುಳುಗಿ ನಿಂತಿರುತ್ತೆ, ಅದೇ ನೀರು. 1979ಕ್ಕೆ ಡ್ಯಾಮ್ ಕೆಲಸ ಮುಗಿಯೋ ಹೊತ್ತಿಗೆ ನಮ್ಮೋರೆಲ್ಲ ಆಲೂರು, ಅರಕಲಗೂಡು, ಸಕಲೇಶಪುರ, ಹಾಸನ ಅಂತ ಚದುರಿ ಹೋಗಿದ್ರು. ಒಂದೇ ಬೀದೀಲಿ ಒಬ್ಬರ ಒಲೆ ಕೆಂಡ ಇನ್ನೊಬ್ಬರು ತಗೊಂಡು ಹೋಗ್ತಿದ್ದೋರು, ಆಮೇಲಾಮೇಲೆ ಮದುವೆ ಮನೇಲಿ ಎದುರಿಗೆ ಬಂದ್ರೂ ಗುರುತು ಹತ್ತದ ಹಾಗಾಯ್ತು. ನಮ್ಮ ದೊಡ್ಡಪ್ಪನ ತಿಥಿಗೆ ಬಂದಿದ್ದ ಇಬ್ಬರು ಹುಡುಗ್ರು ಬೆಂಗಳೂರಲ್ಲಿ ಒಂದೇ ಆಫೀಸಲ್ಲಿ ಮೂರು ವರ್ಷದಿಂದ ಕೆಲ್ಸ ಮಾಡ್ತಿದ್ರು, ಇಬ್ಬರ ಮುತ್ತಾತಂದಿರು ಒಡಹುಟ್ಟಿದೋರು ಅಂತ ಅವತ್ತು ಎಲೆ ಮುಂದೆ ಕೂತಾಗ ಗೊತ್ತಾಯ್ತು. ಅಲ್ಲಿಂದ ಶುರುವಾಗಿದ್ದು, ಈ ವರ್ಷದ್ದು ಏಳನೇ ಸಮ್ಮಿಲನ.

ತುಂಬಾ ಜನ ನಮ್ಮನೇಲೂ ಮಾಡ್ಬೇಕು ಹೇಗ್ ಮಾಡೋದು ಹೇಳಿ ಅಂತಾರೆ, ಅದಕ್ಕೆ ಬಿಡಿಸಿ ಬರೀತಿದೀನಿ. ಒಂದು ಮಾತು ಮೊದ್ಲೇ ಹೇಳ್ಬಿಡ್ತೀನಿ, ಇದು ಶಾಮಿಯಾನ ಮತ್ತೆ ಊಟದ ಕೆಲ್ಸ ಅನ್ಕೊಂಡು ಹೊರಟ್ರೆ ಎರಡನೇ ವರ್ಷಕ್ಕೇ ನಿಂತೋಗುತ್ತೆ. ಇದು ಹೆಸರಿನ ಕೆಲ್ಸ. ಯಾವ ಮನೇದೂ ಹೆಸರು ಬಿಟ್ಟೋಗ್ಬಾರ್ದು, ಕೊಟ್ಟ ಹೆಣ್ಮಕ್ಕಳದಂತೂ ಬಿಡಲೇಬಾರ್ದು. ಉಳಿದದ್ದೆಲ್ಲ ಇದರ ಹಿಂದೆ ಬರುತ್ತೆ.

ಮೊದ್ಲು ಕವಲಿಗೊಬ್ಬರನ್ನ ಹಿಡೀರಿ

ಎಲ್ಲರಿಗೂ ಸೇರಿ ವಾಟ್ಸಾಪ್ ಗ್ರೂಪ್ ಮಾಡೋದ್ರಿಂದ ಶುರು ಮಾಡ್ಬೇಡಿ. ಗುಡ್ ಮಾರ್ನಿಂಗ್ ಮೆಸೇಜು, ಎಲೆಕ್ಷನ್ ಜಗಳ, ಹದಿನೈದು ದಿನಕ್ಕೆ ಅರ್ಧ ಜನ ಮ್ಯೂಟ್ ಮಾಡಿರ್ತಾರೆ. ಮೊದ್ಲು ನಿಮ್ಮ ಮನೆತನದಲ್ಲಿ ಎಷ್ಟು ಕವಲಿದೆ ನೋಡಿ. ನಮ್ಮಲ್ಲಿ ಮೇಲ್ಮನೆ, ಕೆಳಮನೆ, ಬಾವಿಮನೆ, ಹೊಸ್ಮನೆ, ಆಮೇಲೆ ಯಾವಾಗಲೋ ಬೇರೆ ಹೋಗಿ ತೋಟದ ಕಡೆ ಸೇರ್ಕೊಂಡ ಒಂದು ಕವಲು, ಒಟ್ಟು ಐದು. ಒಂದೊಂದು ಕವಲಿಂದ ಒಬ್ಬರು, ಹತ್ತು ಸಲ ಫೋನ್ ಮಾಡೋಕೆ ಬೇಜಾರಿಲ್ದೆ ಇರೋರು ಸಾಕು, ದುಡ್ಡಿರೋರೇ ಆಗ್ಬೇಕು ಅಂತಿಲ್ಲ. ಐದರಲ್ಲಿ ಇಬ್ಬರಾದ್ರೂ ಹೆಂಗಸರಿರ್ಲಿ ಅಂತ ನಾನು ಹಠ ಹಿಡಿದಿದ್ದೆ, ಯಾಕಂದ್ರೆ ಯಾವ ಮನೆ ಮಗು ಯಾವ ವರ್ಷ ಹುಟ್ತು, ಯಾವ ಅತ್ತೇನ ಯಾವೂರಿಗೆ ಕೊಟ್ರು ಅಂತ ತಟ್ಟನೆ ಹೇಳೋರು ಅವರೇ. ಇನ್ನೊಂದು, ಕವಲಲ್ಲಿ ಬಡವರ ಮನೆ ಯಾವುದಿದ್ಯೋ ಅಲ್ಲಿಗೆ ಮೊದ್ಲು ಹೋಗಿ. ಅವರು ಕರೀತಾರೋ ಇಲ್ವೋ ಅಂತ ಅನುಮಾನದಲ್ಲೇ ಇರ್ತಾರೆ, ಕೊನೆಗೆ ಹೋದ್ರೆ ಆ ಅನುಮಾನ ನಿಜ ಮಾಡ್ದಂಗಾಗುತ್ತೆ.

ಹೆಸರು ಎಲ್ಲಿ ಸಿಗುತ್ತೆ

ಇದಕ್ಕೆ ಕಡಿಮೆ ಅಂದ್ರೂ ಆರು ತಿಂಗಳು ಇಟ್ಕೊಳಿ. ಮತ್ತೆ ಫೋನ್ ಮಾಡಿ "ವಂಶವೃಕ್ಷ ಮಾಡ್ತಿದೀವಿ, ನಿಮ್ಮ ಕಡೆ ಹೆಸರೆಲ್ಲ ಕೊಡಿ" ಅಂತ ಮಾತ್ರ ಕೇಳ್ಬೇಡಿ. ನಾನು ಹಾಗೇ ಕೇಳ್ದೆ, ಆ ಕಡೆಯಿಂದ ಒಬ್ಬ ಚಿಕ್ಕಪ್ಪ ಒಂದು ನಿಮಿಷ ಮಾತೇ ಆಡ್ಲಿಲ್ಲ, ಆಮೇಲೆ "ಯಾಕವ್ವ, ಪೌತಿ ಖಾತೆ ಮಾಡಿಸ್ತಿದಾರಾ ಯಾರಾದ್ರೂ?" ಅಂದ್ರು. ಪೌತಿ ಖಾತೆ ಅಂದ್ರೆ ಸತ್ತೋರ ಜಮೀನನ್ನ ವಾರಸುದಾರರ ಹೆಸರಿಗೆ ಮಾಡ್ಸೋದು. ಅವರ ತಪ್ಪಲ್ಲ, ನಮ್ಮ ಹಳ್ಳಿಗಳಲ್ಲಿ ವಂಶವೃಕ್ಷ ಅಂದ್ರೆ ನಾಡಕಚೇರೀಲಿ ಅರ್ಜಿ ಹಾಕಿ, ಗ್ರಾಮ ಲೆಕ್ಕಿಗರು (ಈಗ ಗ್ರಾಮ ಆಡಳಿತಾಧಿಕಾರಿ ಅಂತಾರೆ) ಮಹಜರ್ ಮಾಡಿ, ಜಮೀನು ಯಾರ ಹೆಸರಿಗೆ ಹೋಗ್ಬೇಕು ಅನ್ನೋದಕ್ಕೆ ಕೊಡೋ ಕಾಗದ. ಹೆಸರು ಬಿಟ್ಟೋದ್ರೆ ಪಾಲು ಬಿಟ್ಟೋಗುತ್ತೆ ಅಂತ ಜನಕ್ಕೆ ಗೊತ್ತು. ಅದಕ್ಕೇ ನಾವು ಮನೆತನದ ಮರ ಅಂತ ಕರಿಯೋಕೆ ಶುರು ಮಾಡಿದ್ವಿ, ಆಧಾರ್ ನಂಬರ್ ಕೇಳಲ್ಲ, ಸರ್ವೆ ನಂಬರ್ ಕೇಳಲ್ಲ, ಯಾವ ಪೇಪರ್ ಮೇಲೂ ಸೈನ್ ಹಾಕಿಸಲ್ಲ ಅಂತ ಮೊದಲ ಮಾತಲ್ಲೇ ಹೇಳ್ತೀವಿ. ಹಾಗೆ ಹೇಳಿದ ಮೇಲೆ ಬಾಯಿ ಬಿಟ್ರು.

ಹಿರಿಯರ ಹತ್ರ ಕೂತಾಗ "ನಮ್ಮ ವಂಶದ ಇತಿಹಾಸ ಹೇಳಿ" ಅಂದ್ರೆ ಏನೂ ಬರಲ್ಲ, ಅಯ್ಯೋ ನಂಗೇನ್ ಗೊತ್ತು ಅಂತಾರೆ. ನಾನು ಕಲಿತ ದಾರಿ ಏನಂದ್ರೆ, "ನಮ್ಮಲ್ಲಿ ಸಾವಾದ್ರೆ ಯಾರ್ಯಾರಿಗೆ ಸೂತಕ ಬರುತ್ತೆ?" ಅಂತ ಕೇಳೋದು. ಅಷ್ಟು ಕೇಳಿದ್ರೆ ಸಾಕು, ತೊಂಬತ್ತು ವರ್ಷದ ಅಜ್ಜಿ ಕೂಡ ಬೆರಳು ಮಡಚ್ತಾ ಒಂದೊಂದೇ ಮನೆ ಹೇಳ್ತಾ ಹೋಗ್ತಾರೆ, ಇಂಥೋರಿಗೆ ಬರುತ್ತೆ, ಇಂಥೋರಿಗೆ ಹಿಂದೆ ಇತ್ತು ಮೂರು ತಲೆಯಾದ ಮೇಲೆ ಬಿಟ್ವಿ, ಇಂಥೋರು ನಮ್ಮ ಅಣ್ತಮ್ಮಂದಿರೇ ಆದ್ರೆ ಜಗಳ ಆಡಿ ದೂರ ಆದ್ರು. ದಾಯಾದಿಗಳ ಪಟ್ಟಿ ಇದಕ್ಕಿಂತ ಪಕ್ಕಾ ಎಲ್ಲೂ ಸಿಗಲ್ಲ. ಇದರಲ್ಲಿ ಒಂದೇ ಕೊರತೆ, ಕೊಟ್ಟ ಹೆಣ್ಮಕ್ಕಳ ಮನೆಗಳು ಈ ಲೆಕ್ಕದಿಂದ ಹೊರಗೆ ಉಳಿಯುತ್ತೆ. ಅವರನ್ನ ಹಿಡಿಯೋಕೆ ಮುಯ್ಯಿ ಪುಸ್ತಕ ತೆಗೀರಿ. ಪ್ರತಿ ಮದುವೇಲೂ ಯಾರು ಎಷ್ಟು ಮುಯ್ಯಿ (ಉಡುಗೊರೆ ದುಡ್ಡು) ಹಾಕಿದ್ರು ಅಂತ ಊರಿನ ಹೆಸರು ಸಮೇತ ಬರೆದಿಟ್ಟಿರ್ತಾರಲ್ಲ ಆ ನೋಟ್‌ಬುಕ್ಕು. ನಮ್ಮ ಅಜ್ಜಿ ಪೆಟ್ಟಿಗೇಲಿ ನಾಲ್ಕು ಮುಯ್ಯಿ ಪುಸ್ತಕ ಇತ್ತು, ಅದರಿಂದಾನೇ ಮೂಡಿಗೆರೆಗೆ ಕೊಟ್ಟಿದ್ದ ಒಬ್ಬ ಸೋದರತ್ತೆ ಮನೆ ಸಿಕ್ತು, ಅವರ ಮೊಮ್ಮಗಳು ಫೋನಲ್ಲಿ "ನಮ್ಮಜ್ಜಿ ತೌರು ಯಾವ್ದು ಅಂತ ನಮಗೆ ಗೊತ್ತೇ ಇರ್ಲಿಲ್ಲ" ಅಂತ ಅತ್ಬಿಟ್ಳು.

ಹಿರಿಯರ ಮಾತು ಫೋನಲ್ಲಿ ರೆಕಾರ್ಡ್ ಮಾಡ್ಕೊಳಿ, ಒಂದ್ಸಲಕ್ಕೆ ಅರ್ಧ ಗಂಟೆ ಸಾಕು, ಸುಸ್ತಾಗ್ತಾರೆ. ಮನೆ ಬಗ್ಗೆ ಕೇಳಿ. ಎಷ್ಟು ಅಂಕಣದ ಮನೆ, ತೊಟ್ಟಿ ಯಾವ ಕಡೆ ಇತ್ತು, ಹಗೇವು (ದವಸ ತುಂಬಿಡೋ ಗುಂಡಿ) ಎಲ್ಲಿತ್ತು, ಅಟ್ಟದ ಮೇಲೆ ಏನಿಡ್ತಿದ್ರು, ಬಾಣಂತಿ ಕೋಣೆ ಯಾವುದು. ಮನೆ ಕಣ್ಮುಂದೆ ಬಂದ ತಕ್ಷಣ ಅದರೊಳಗಿದ್ದ ಮನುಷ್ಯರೂ ಬರ್ತಾರೆ. ನಮ್ಮ ಮನೆ ನೀರಲ್ಲಿ ಹೋಗಿದ್ರೂ ಅಜ್ಜಿ ಹೇಳಿದ್ದನ್ನ ಕೇಳಿ ನಮ್ಮ ಅಣ್ಣನ ಮಗ ನಕ್ಷೆ ಬರೆದ, ಈಗ ಪ್ರತಿ ವರ್ಷ ಅದನ್ನ ಗೋಡೆಗೆ ಹಾಕ್ತೀವಿ. ರೆಕಾರ್ಡ್ ಫೈಲಿಗೆ ಅವತ್ತೇ ಹೆಸರು, ತಾರೀಕು ಕೊಟ್ಟು ಎರಡು ಕಡೆ ಸೇವ್ ಮಾಡಿ, ಒಂದು ಗೂಗಲ್ ಡ್ರೈವು, ಇನ್ನೊಂದು ಪೆನ್‌ಡ್ರೈವು. ಹಳೇ ಫೋಟೋಗಳನ್ನ ಫ್ಲ್ಯಾಷ್ ಇಲ್ದೆ ಕಿಟಕಿ ಬೆಳಕಲ್ಲಿ ಫೋಟೋ ತೆಗೆದು, ಹಿಂದುಗಡೆ ಯಾರ್ಯಾರು ಅಂತ ಪೆನ್ಸಿಲ್ಲಲ್ಲಿ ಬರೆಸ್ಕೊಳಿ, ಗುರುತಿಸೋರು ಇರೋವಾಗ್ಲೇ.

ನಿಮ್ಮ ಮನೆಗೆ ಹೆಳವರು ಬರ್ತಾರಾ ಅಂತಾನೂ ವಿಚಾರಿಸಿ. ಹಿಂದೆ ಎತ್ತಿನ ಮೇಲೆ ಕೂತು ಬರ್ತಿದ್ರು, ಮನೆ ಮುಂದೆ ನಿಂತು ಏಳೆಂಟು ತಲೆಮಾರು ಹೆಸರು ಹೇಳಿ, ಹೊಸದಾಗಿ ಹುಟ್ಟಿದ ಮಕ್ಕಳ ಹೆಸರು ಬರ್ಕೊಂಡು, ಕೊಟ್ಟ ದವಸ ದುಡ್ಡು ತಗೊಂಡು ಹೋಗೋರು. ಬಂದ್ರೆ ಒಂದು ಹೊತ್ತು ಕೂರಿಸಿ, ಗೌರವವಾಗಿ ಊಟ ಹಾಕಿ, ಒಪ್ಪಿಗೆ ಕೇಳಿ ರೆಕಾರ್ಡ್ ಮಾಡಿ, ಅವರ ಕಾಣಿಕೇಲಿ ಚೌಕಾಸಿ ಬೇಡ. ನಮ್ಮ ಪೂರ್ವಿಕರ ಹೆಸರನ್ನ ನಮಗಿಂತ ಚೆನ್ನಾಗಿ ಕಾಪಾಡಿದೋರು ಅವರು.

ಕಾಗದ ಪತ್ರ, ಕಲ್ಲು

ಬಾಯಿ ಮಾತಿಗೆ ಜೊತೆಯಾಗಿ ಕಾಗದ ಬೇಕು. ಮನೇಲಿರೋ ಪಾಲುಪಾರಿಕತ್ತು, ಅಂದ್ರೆ ಆಸ್ತಿ ಭಾಗ ಮಾಡ್ಕೊಂಡ ಪತ್ರ ಹುಡುಕಿ, ಅದರ ಶುರುವಲ್ಲೇ ಮೂರು ತಲೆಮಾರಿನ ಹೆಸರಿರುತ್ತೆ. ತಾಲೂಕು ಆಫೀಸಿನ ರೆಕಾರ್ಡ್ ರೂಮಲ್ಲಿ ಕೈಬರಹದ ಹಳೇ ಪಹಣಿ, ಮ್ಯುಟೇಶನ್ ರಿಜಿಸ್ಟರ್, ಇಂಡೆಕ್ಸ್ ಆಫ್ ಲ್ಯಾಂಡ್ಸ್ ಇದ್ಯಾ ಕೇಳಿ, ಅರ್ಜಿ ಕೊಟ್ರೆ ಫೀಸ್ ಕಟ್ಟಿಸ್ಕೊಂಡು ನಕಲು ಕೊಡ್ತಾರೆ. ಓದುವಾಗ ಎರಡು ಪದ ನೆನಪಿಟ್ಕೊಳಿ, ಬಿನ್ ಅಂದ್ರೆ ಇಂಥೋರ ಮಗ, ಕೋಂ ಅಂದ್ರೆ ಇಂಥೋರ ಹೆಂಡತಿ. ಆ ಕೋಂ ಅನ್ನೋದು ಕಂಡ ಕಡೆಯೆಲ್ಲ ನಿಲ್ಲಿ. ಗಂಡ ತೀರಿಹೋಗಿ ಚಿಕ್ಕ ಮಕ್ಕಳನ್ನ ಇಟ್ಕೊಂಡು ಜಮೀನು ನೋಡ್ಕೊಂಡ ಹೆಂಗಸು ಅಲ್ಲಿರ್ತಾಳೆ, ಮನೆಯವರ ಬಾಯಲ್ಲಿ ಬರೀ "ಮುತ್ತಜ್ಜಿ" ಆಗಿದ್ದೋಳಿಗೆ ಅಲ್ಲಿ ಹೆಸರಿರುತ್ತೆ. ನಮ್ಮ ಬಾವಿಮನೆ ಕವಲು ಪೂರ್ತಿ ನಿಂತಿರೋದು ಅಂಥ ಒಬ್ಬ ಮುತ್ತಜ್ಜಿ ಮೇಲೆ, ಹೆಸರು ಸಿಕ್ಕಿದ ದಿನ ನಾವು ಮೂರು ಜನ ರೆಕಾರ್ಡ್ ರೂಮಿನ ಮೆಟ್ಟಿಲ ಮೇಲೆ ಕೂತು ಆ ನಕಲನ್ನ ಎಷ್ಟು ಸಲ ಓದಿದ್ವೋ.

ನಮ್ಮ ಹಾಗೆ ಮುಳುಗಡೆ ಊರಿನವರಾದ್ರೆ ಇನ್ನೊಂದು ಕಾಗದ ಇದೆ, ಭೂಸ್ವಾಧೀನದ ಅವಾರ್ಡು. ಯಾರ್ಯಾರ ಜಮೀನು ಎಷ್ಟೆಷ್ಟು ಹೋಯ್ತು, ಪರಿಹಾರ ಯಾರಿಗೆ ಅಂತ ಅದರಲ್ಲಿರುತ್ತೆ. ಊರಿನ ಖಾತೆದಾರರೆಲ್ಲ ಒಟ್ಟಿಗೆ ಕಾಣೋ ಕೊನೇ ಪಟ್ಟಿ ಅದು. ಶಾಲೆಯ ದಾಖಲಾತಿ ರಿಜಿಸ್ಟರಲ್ಲಿ ಅಪ್ಪನ ಹೆಸರು, ಹುಟ್ಟಿದ ತಾರೀಕು ಸಿಗುತ್ತೆ, ಆದ್ರೆ ತಾರೀಕು ಪೂರ್ತಿ ನಂಬ್ಬೇಡಿ, ಹೆಡ್‌ಮಾಸ್ಟ್ರು ಅಂದಾಜಲ್ಲಿ ಬರೆದಿರೋದೇ ಜಾಸ್ತಿ.

ಇನ್ನು ಶಾಸನ, ವೀರಗಲ್ಲು. ನಮ್ಮ ಜಿಲ್ಲೆಗಳಲ್ಲಿ ಊರಿಗೊಂದು ಕಲ್ಲಿದೆ, ಪ್ರತಿ ಹಳೇ ಮನೆತನಕ್ಕೂ ಅದು ನಮ್ಮ ತಾತಂದು ಅನ್ನೋ ಆಸೆ. ಬ್ರಿಟಿಷರ ಕಾಲದ ಶಾಸನ ತಜ್ಞ ಬಿ.ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಾ ಅನ್ನೋ ಶಾಸನಗಳ ಸಂಪುಟಗಳಲ್ಲಿ ತಾಲೂಕುವಾರು ಶಾಸನಗಳನ್ನ ನಂಬರ್ ಹಾಕಿ ಕೊಟ್ಟಿದಾರೆ. ಹಾಸನ ಜಿಲ್ಲೇದು ಐದನೇ ಸಂಪುಟ, 1902ರದ್ದು. ಚಿಕ್ಕಮಗಳೂರಿನವರು ಆರನೇ ಸಂಪುಟ ನೋಡಿ, 1901ರದ್ದು, ಅದರಲ್ಲಿ ಕಡೂರು ಜಿಲ್ಲೆ ಅಂತಿರುತ್ತೆ, ಆಗ ಹೆಸರು ಅದೇ. ಇಂಟರ್ನೆಟ್ಟಲ್ಲೂ ಸಿಗುತ್ತೆ, ನಿಮ್ಮೂರಿನ ಹೆಸರು ಹುಡುಕಿ. ನಮ್ಮಲ್ಲಿ ಒಂದು ವೀರಗಲ್ಲನ್ನ ಊರು ಬಿಡುವಾಗ ಗಾಡೀಲಿ ಹೇರ್ಕೊಂಡು ಬಂದು ಹೊಸ ಜಾಗದಲ್ಲಿ ನಿಲ್ಸಿದಾರೆ, ಟಿಪ್ಪು ಕಾಲದಲ್ಲಿ ಹೋರಾಡಿದ ನಮ್ಮ ಮುತ್ತಾತ ಅಂತ ಚಿಕ್ಕಂದಿನಿಂದ ಕೇಳ್ಕೊಂಡು ಬಂದಿದ್ವಿ. ಓದಿಸಿದಾಗ ಅದು ಹೊಯ್ಸಳರ ಕಾಲದ್ದು, ಊರಿನ ತುರು (ದನ) ಉಳಿಸೋಕೆ ಹೋಗಿ ಸತ್ತ ಒಬ್ಬನ ಕಲ್ಲು. ಅವನಿಗೂ ನಮಗೂ ನಡುವೆ ಐನೂರು ವರ್ಷಕ್ಕಿಂತ ಜಾಸ್ತಿ ಅಂತರ, ಒಂದು ಹೆಸರೂ ಇಲ್ಲ. ಕೆಲವರಿಗೆ ಬೇಜಾರಾಯ್ತು. ನಾವೀಗ "ನಮ್ಮೂರ ಕಲ್ಲು" ಅಂತ ಹೇಳ್ತೀವಿ, ಪೂಜೆ ಮೊದಲಿನ ಹಾಗೇ ಮಾಡ್ತೀವಿ. ಮನೆತನದ ಬಗ್ಗೆ ಹೆಮ್ಮೆ ಇರೋರು ಸುಳ್ಳು ಸೇರಿಸ್ಬಾರ್ದು, ಇದರಲ್ಲಿ ನಾನು ತುಂಬಾ ಕಟ್ಟುನಿಟ್ಟು. ಕಾಗದದಲ್ಲಿ ಸಿಕ್ಕಿದ ಹೆಸರು ಕಪ್ಪು ಇಂಕಲ್ಲಿ, ಎರಡು ಬೇರೆ ಬೇರೆ ಕವಲಿನವರು ಒಂದೇ ಥರ ಹೇಳಿದ್ದು ನೀಲಿ ಇಂಕಲ್ಲಿ, ಒಬ್ಬರೇ ಹೇಳಿದ್ದು ಪೆನ್ಸಿಲ್ಲಲ್ಲಿ. ಪೆನ್ಸಿಲ್ ಹೆಸರು ಅಳಿಸೋದಲ್ಲ, ಸಾಕ್ಷಿ ಸಿಗೋವರೆಗೂ ಹಾಗೇ ಕಾಯುತ್ತೆ.

ಮರ ಬರೆಯೋದು

ದೊಡ್ಡ ತಾಪತ್ರಯ ಏನಂದ್ರೆ ತಾತನ ಹೆಸರು ಮೊಮ್ಮಗನಿಗೆ ಇಡೋ ಪದ್ಧತಿ. ನಮ್ಮಲ್ಲಿ ಒಂದೇ ಹೆಸರಿನವರು ಒಂಬತ್ತು ಜನ. ಹಾಗಾಗಿ ನಂಬರ್ ಕೊಡಿ. ಮೂಲ ಪುರುಷ 1, ಅವರ ಮೊದಲ ಮಗು 1-1, ಎರಡನೇದು 1-2, 1-2ರ ಮೂರನೇ ಮಗು 1-2-3, ಹೀಗೆ. ಹುಟ್ಟಿದ ಕ್ರಮದಲ್ಲೇ, ಹೆಣ್ಣು ಗಂಡು ಬೇರೆ ಮಾಡ್ದೆ. ಇದು ಬಹಳ ಮುಖ್ಯ. ಹಳೇ ಮರಗಳಲ್ಲಿ ಗಂಡುಮಕ್ಕಳನ್ನ ಮಾತ್ರ ಬರೀತಿದ್ರು, 1959ರಲ್ಲಿ ನಮ್ಮ ದೊಡ್ಡಜ್ಜ ಬರೆಸಿದ್ದ ಹಾಳೇಲಿ ನಮ್ಮ ಅಜ್ಜಿ ಹೆತ್ತ ಏಳು ಮಕ್ಕಳಲ್ಲಿ ಮೂರೇ ಇದಾವೆ, ನಾಲ್ಕು ಜನ ಅತ್ತೆಯಂದಿರು ಹುಟ್ಟೇ ಇಲ್ಲ ಅನ್ನೋ ಹಾಗೆ. ಹೆಣ್ಮಕ್ಕಳ ಹೆಸರು ಬರೆದ್ರೆ ಪಾಲು ಕೇಳ್ತಾರೆ ಅಂತ ನಮ್ಮಲ್ಲೂ ಒಬ್ಬರು ಎದ್ದು ನಿಂತು ಹೇಳಿದ್ರು. ಕಾನೂನು ಮೊದ್ಲು 1994ರಲ್ಲಿ ನಮ್ಮ ರಾಜ್ಯದಲ್ಲಿ, ಆಮೇಲೆ 2005ರಲ್ಲಿ ಇಡೀ ದೇಶದಲ್ಲಿ ಬದಲಾಗಿದೆ. ಪಾಲು ಬರೋದಿದ್ರೆ ಕಾನೂನಿಂದ ಬರುತ್ತೆ, ನಮ್ಮ ಡ್ರಾಯಿಂಗ್ ಶೀಟಿಂದಲ್ಲ ಅಂತ ಸಮಾಧಾನವಾಗೇ ಹೇಳಿದ್ವಿ. ಸೊಸೆಯಂದಿರ ಹೆಸರ ಜೊತೆ ಅವರ ತೌರೂರೂ ಬರೀರಿ. ಚಿಕ್ಕಂದಿನಲ್ಲೇ ತೀರಿಹೋದ ಮಕ್ಕಳನ್ನೂ ಬರೀರಿ, ಹೆಸರಿಡೋಕೆ ಮುಂಚೆ ಹೋಗಿದ್ರೆ "ಮಗು" ಅಂತಾದ್ರೂ.

ಮೊದಲನೇ ವರ್ಷ ದೊಡ್ಡ ಪ್ರಿಂಟ್ ಹಾಕಿಸ್ಬೇಡಿ, ತಪ್ಪು ಇದ್ದೇ ಇರುತ್ತೆ. ಜೆರಾಕ್ಸ್ ಅಂಗಡೀಲಿ ಕವಲಿಗೊಂದು ದೊಡ್ಡ ಹಾಳೆ ತೆಗೆಸಿ, ಕೂತವರ ಕೈಗೆ ಸಿಗೋ ಎತ್ತರದಲ್ಲಿ ಅಂಟಿಸಿ, ದಾರ ಕಟ್ಟಿದ ಪೆನ್ಸಿಲ್ ನೇತಾಕಿ, ಪಕ್ಕದಲ್ಲಿ ಹೈಸ್ಕೂಲ್ ಓದೋ ಹುಡುಗೀನೋ ಹುಡುಗನ್ನೋ ನಿಲ್ಸಿ. ಅವತ್ತು ಊಟಕ್ಕಿಂತ ಜಾಸ್ತಿ ಜನ ಸೇರೋದು ಆ ಗೋಡೆ ಹತ್ರ. ಎಲ್ಲ ತಿದ್ದುಪಡಿ ಅಲ್ಲೇ ಬರುತ್ತೆ.

ತಾರೀಕು

ನಮ್ಮ ಸೀಮೇಲಿ ಕ್ಯಾಲೆಂಡರ್ ನೋಡಿದ್ರೆ ಸಾಲ್ದು, ತೋಟ ನೋಡ್ಬೇಕು. ನವೆಂಬರಿಂದ ಜನವರಿ ಅರೇಬಿಕಾ ಕುಯ್ಲು, ಆಮೇಲೆ ರೋಬಸ್ಟಾ ಮಾರ್ಚ್ ತನಕ ಎಳೆಯುತ್ತೆ, ಆ ಟೈಮಲ್ಲಿ ತೋಟದವರನ್ನ ಕರೆಯೋದು ಸುಮ್ನೆ ಕಷ್ಟ. ಜೂನಿಂದ ಸೆಪ್ಟೆಂಬರ್ ಮಳೆ, ಶಿರಾಡಿ, ಚಾರ್ಮಾಡಿ ಘಾಟಿ ರೋಡು ಯಾವಾಗ ಬಂದ್ ಆಗುತ್ತೋ ಹೇಳೋಕಾಗಲ್ಲ, ಮಂಗಳೂರು ಕಡೆ ಇರೋರು ಬರಕ್ಕಾಗಲ್ಲ. ಪಿತೃಪಕ್ಷ ಬೇಡ, ಅವರವರ ಮನೇಲಿ ಎಡೆ ಇಡೋದಿರುತ್ತೆ. ಹಾಸನಾಂಬ ದೇವಸ್ಥಾನದ ಬಾಗಿಲು ತೆಗೆದಿರೋ ದಿನಗಳಲ್ಲಿ ಹಾಸನದಲ್ಲಿ ಲಾಡ್ಜ್ ಸಿಗಲ್ಲ, ರೋಡಲ್ಲಿ ಜಾಗ ಇಲ್ಲ. ಚಿಕ್ಕಮಗಳೂರಲ್ಲಾದ್ರೆ ದೇವೀರಮ್ಮನ ಬೆಟ್ಟದ ದಿನ, ಡಿಸೆಂಬರಲ್ಲಿ ದತ್ತ ಜಯಂತಿ ಹತ್ತಿರದ ದಿನಗಳು ಬಿಡಿ.

ಉಳಿಯೋದು ಏಪ್ರಿಲ್, ಮೇ. ಮದುವೆ ಸೀಸನ್ನು, ಸಿಇಟಿ ಇರುತ್ತೆ, ನೀಟ್ ಈಚಿನ ವರ್ಷಗಳಲ್ಲಿ ಮೇ ಮೊದಲನೇ ಭಾನುವಾರ ಬರ್ತಿದೆ, ಅದಕ್ಕೆ ನಾವು ಮೇ ಎರಡನೇ ಭಾನುವಾರ ಅಂತ ಕಾಯಂ ಮಾಡ್ಕೊಂಡ್ವಿ. ನಮಗೆ ಇನ್ನೊಂದು ಕಾರಣಾನೂ ಇದೆ. ಹೇಮಾವತಿ ತುಂಬಿದಾಗ ಮಟ್ಟ 2922 ಅಡಿ, ಬೇಸಿಗೇಲಿ ಚೆನ್ನಾಗಿ ಇಳಿದ ವರ್ಷ ನಮ್ಮ ಹಳೇ ಊರಿನ ಜಾಗ, ಗುಡಿ ಜಗಲಿಯ ಕಲ್ಲು ಹೊರಗೆ ಬರುತ್ತೆ, ಹಿರಿಯರು ಹೋಗಿ ಅಲ್ಲಿ ಒಂದು ಊದಿನಕಡ್ಡಿ ಹಚ್ತಾರೆ. ನಿಮ್ಮದೂ ಹಿನ್ನೀರ ಪಕ್ಕದ ಊರಾದ್ರೆ ಮಕ್ಕಳನ್ನ ನೀರಿಗೆ ಇಳಿಸಲೇಬೇಡಿ, ಮೇಲೆ ಒಣಗಿದ ಹಾಗೆ ಕಂಡ್ರೂ ಕೆಳಗೆ ಸೊಂಟದವರೆಗೂ ಹೂತುಹೋಗೋ ಕೆಸರಿರುತ್ತೆ, ದಡದಲ್ಲಿ ಕಾಯೋಕೆ ಇಬ್ಬರನ್ನ ಇಟ್ಬಿಡಿ.

ಒಂದು ಬದಲಿ ತಾರೀಕೂ ಮೊದ್ಲೇ ಹೇಳಿರಿ. ದಾಯಾದಿಗಳ ಸಮ್ಮಿಲನ ಅಂದ ಮೇಲೆ ಒಂದು ಮನೇಲಿ ಸಾವಾದ್ರೆ ಎಲ್ಲರಿಗೂ ಸೂತಕ, ದೇವರ ಪೂಜೆ ಇರಲ್ಲ. ನಮಗೆ ನಾಲ್ಕನೇ ವರ್ಷ ಐದು ದಿನ ಮುಂಚೆ ಹೀಗಾಯ್ತು, ಅಡುಗೆಯವರಿಗೆ ಕೊಟ್ಟಿದ್ದ ಅಡ್ವಾನ್ಸ್ ಬದಲಿ ತಾರೀಕಿಗೆ ಹೊಂದಿಸ್ಕೊಳೋ ಮಾತು ಮೊದ್ಲೇ ಆಗಿದ್ರಿಂದ ಉಳೀತು.

ದುಡ್ಡು

ಮನೆಗಿಷ್ಟು ಅಂತ ಸಮಾನವಾಗಿ ಇಡಿ, ಕಡಿಮೆ ಇಡಿ, ಯಾರಿಗೂ ಭಾರ ಆಗದಷ್ಟು. ಜಾಸ್ತಿ ಕೊಡೋ ಮನಸ್ಸಿರೋರ ಹತ್ರ ದುಡ್ಡಿನ ಬದಲು ಸಾಮಾನು ಕೇಳಿ, ತೋಟದವರು ಕಾಫಿಪುಡಿ ಮೆಣಸು, ಗದ್ದೆಯವರು ಅಕ್ಕಿ, ತೆಂಗಿರೋರು ಕಾಯಿ. ಯಾರು ಎಷ್ಟು ಕೊಟ್ರು ಅಂತ ಮೈಕಲ್ಲಿ ಓದ್ಬೇಡಿ. ನಾವು ಮೊದಲ ವರ್ಷ ಓದಿದ್ವಿ, ಕಡಿಮೆ ಕೊಟ್ಟಿದ್ದ ಒಂದು ಮನೆ ಎರಡು ವರ್ಷ ಬರ್ಲೇ ಇಲ್ಲ. ಅಕೌಂಟ್ ಇಬ್ಬರ ಹೆಸರಲ್ಲಿರ್ಲಿ, ಬೇರೆ ಬೇರೆ ಕವಲಿನೋರು. ಸಂಘ ರಿಜಿಸ್ಟರ್ ಮಾಡ್ಸೋಣ ಅಂತ ಯಾರಾದ್ರೂ ಹೇಳೇ ಹೇಳ್ತಾರೆ, 1960ರ ಕಾಯ್ದೇಲಿ ಏಳು ಜನ ಇದ್ರೆ ಮಾಡಬಹುದು, ಆದ್ರೆ ಆಮೇಲೆ ವರ್ಷ ವರ್ಷ ಲೆಕ್ಕ, ಪದಾಧಿಕಾರಿಗಳ ಪಟ್ಟಿ ಸಲ್ಲಿಸ್ಬೇಕು, ಅಧ್ಯಕ್ಷ ಯಾರು ಅಂತ ಜಗಳ ಬರುತ್ತೆ. ಸ್ಕಾಲರ್‌ಶಿಪ್ ಥರ ದೊಡ್ಡ ಕೆಲ್ಸ ಇಲ್ಲದಿದ್ರೆ ಬೇಡ ಅನ್ನೋದು ನನ್ನ ಅಭಿಪ್ರಾಯ.

ಕರೆಯೋದು

ವಾಟ್ಸಾಪ್ ಕಾರ್ಡ್ ಹುಡುಗ್ರಿಗೆ ಸಾಕು. ಅರವತ್ತು ದಾಟಿದ ಹಿರಿಯರಿರೋ ಮನೆಗೆ ಹೋಗ್ಬೇಕು, ಕುಂಕುಮ ಇಟ್ಟು, ಎಲೆ ಅಡಿಕೆ ಕೊಟ್ಟು, "ದೊಡ್ಡಪ್ಪ ನೀವು ಬರ್ದಿದ್ರೆ ದೀಪ ಹಚ್ಚೋರ್ಯಾರು" ಅಂತ ಕೂತು ಕರೀಬೇಕು. ಕೋರ್ಟಲ್ಲಿ ಕೇಸ್ ನಡೀತಿರೋ ಅಣ್ಣತಮ್ಮಂದಿರಿದ್ರೆ ಇಬ್ಬರನ್ನೂ ಬೇರೆ ಬೇರೆ ಹೋಗಿ ಕರೀರಿ, ಇನ್ನೊಬ್ಬರನ್ನೂ ಕರೆದಿದೀವಿ ಅಂತ ಮುಚ್ಚಿಡ್ದೆ ಹೇಳಿ. ಅವತ್ತೇ ರಾಜಿ ಮಾಡ್ಸೋಕೆ ಹೋಗ್ಬೇಡಿ. ನಮ್ಮಲ್ಲಿ ಅಂಥ ಇಬ್ಬರು ಮೂರು ವರ್ಷ ಚಪ್ಪರದ ಎರಡು ಮೂಲೇಲಿ ಕೂತಿದ್ರು, ಮಾತಿಲ್ಲ ಕತೆಯಿಲ್ಲ, ಅವರ ಮೊಮ್ಮಕ್ಕಳು ಮಾತ್ರ ಒಟ್ಟಿಗೆ ಕಬಡ್ಡಿ ಆಡ್ತಿದ್ವು. ಕೇಸ್ ಇನ್ನೂ ನಡೀತಿದೆ, ಆದ್ರೆ ಹೋದ ವರ್ಷ ಒಬ್ಬರ ಹೆಂಡತಿಗೆ ಆಪರೇಷನ್ ಆದಾಗ ಇನ್ನೊಬ್ಬರು ಆಸ್ಪತ್ರೇಲಿ ರಾತ್ರಿ ಕೂತಿದ್ರು.

ಇನ್ನೊಂದು ಕರೆಯೋಲೆ ಮರೀಬೇಡಿ. ಪಟೇಲರ ಮನೆ ಅಂತ ನಾವು ಹೇಳ್ಕೊಳೋದು ಸರಿ, ಪಟೇಲಿಕೆ 1961ರ ಕಾಯ್ದೆಯಿಂದಾನೇ ಹೋಯ್ತು, ಗೇಣಿ ಜಮೀನು 1974ರ ತಿದ್ದುಪಡಿ ಆದ್ಮೇಲೆ ಡಿಕ್ಲರೇಶನ್ ಹಾಕಿದ ಗೇಣಿದಾರರಿಗೆ ಹೋಯ್ತು, ಅದು ನ್ಯಾಯವೇ. ಆ ಮನೆ ಹಗೇವು ತುಂಬ್ಸಿದ್ದು ಅಲ್ಲಿ ಗೇದೋರು. ಅವರ ಮಕ್ಕಳು ಮೊಮ್ಮಕ್ಕಳನ್ನ ನಾವು ಮನೆಗೇ ಹೋಗಿ ಕರೀತೀವಿ, ನಮ್ಮ ಪಂಕ್ತೀಲೇ ಕೂರ್ತಾರೆ. ಹಳೇ ಮನೆ ಬಗ್ಗೆ ಅವರಿಗೆ ಗೊತ್ತಿರೋದು ಎಷ್ಟೋ ನಮಗೆ ಗೊತ್ತಿರಲ್ಲ, ಸಿಹಿಯೂ ಕಹಿಯೂ, ಎರಡನ್ನೂ ಕೇಳಿಸ್ಕೋಬೇಕು.

ಜಾಗ, ಊಟ

ಕಲ್ಯಾಣ ಮಂಟಪಕ್ಕಿಂತ ಯಾರದಾದ್ರೂ ಮನೆ ಅಂಗಳ, ಕಾಫಿ ಒಣಗಿಸೋ ಕಣ ಚೆನ್ನ. ಮೇ ತಿಂಗಳಲ್ಲಿ ಕಣ ಖಾಲಿ ಇರುತ್ತೆ, ಸಿಮೆಂಟ್ ನೆಲ ಗಟ್ಟಿ, 150 ಜನ ಆರಾಮಾಗಿ ಕೂರ್ತಾರೆ, ಆದ್ರೆ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರಬಹುದು, ಮೇಲೆ ಶೀಟೋ ಟಾರ್ಪಾಲೋ ಇರ್ಲಿ. ಟಾಯ್ಲೆಟ್ ಎಷ್ಟಿದೆ, ವಯಸ್ಸಾದವರಿಗೆ ವೆಸ್ಟರ್ನ್ ಕಮೋಡ್ ಒಂದಾದ್ರೂ ಇದ್ಯಾ ಅಂತ ಮೊದ್ಲು ನೋಡಿ, ಅದಿಲ್ಲ ಅಂತಾನೇ ಎಷ್ಟೋ ಅಜ್ಜಿಯರು ಬರಲ್ಲ, ಬಾಯಿ ಬಿಟ್ಟು ಹೇಳೋದೂ ಇಲ್ಲ.

150 ಜನಕ್ಕೆ ನಮ್ಮ ಲೆಕ್ಕ ಹೀಗಿದೆ. ಮಧ್ಯಾಹ್ನದ ಊಟಕ್ಕೆ ಅಕ್ಕಿ 15 ಕೆಜಿ, ಎರಡು ಹೊತ್ತು ಕಾಫಿಗೆ ಹಾಲು 25 ಲೀಟರ್, ಕುಡಿಯೋಕೆ 20 ಲೀಟರ್ ಕ್ಯಾನು 25, ಬಾಳೆ ಎಲೆ 200. ಬಾಡೂಟ ಇದ್ರೆ ಕೋಳಿ 30 ಕೆಜಿ, ದೇವರ ಪೂಜೆ ಮುಗಿದು ಸಿಹಿ ಊಟ (ಮಾಂಸ ಇಲ್ಲದ್ದು) ಮಾಡೋರದ್ದು ಬೇರೆ ಒಲೆ, ಬೇರೆ ಪಾತ್ರೆ. ಅಕ್ಕಿ ರೊಟ್ಟಿ ಮಾಡಿಸೋಣ ಅಂತ ಎಲ್ಲರಿಗೂ ಆಸೆ, ಆದ್ರೆ ಅಷ್ಟು ಜನಕ್ಕೆ ಬಿಸಿ ರೊಟ್ಟಿ ತಟ್ಟೋಕೆ ಹೋದ್ರೆ ಮನೆ ಹೆಂಗಸರೆಲ್ಲ ಒಲೆ ಮುಂದೇನೇ ಇರ್ತಾರೆ, ಯಾರನ್ನೂ ನೋಡಲ್ಲ. ಕಡುಬು ಮಾಡ್ಸಿ, ಹಬೇಲಿ ಒಂದೇ ಸಲಕ್ಕೆ ರಾಶಿ ಬೇಯುತ್ತೆ, ಕೋಳಿ ಸಾರಿಗೂ ಆಗುತ್ತೆ, ಕಾಯಿ ಚಟ್ನಿಗೂ ಆಗುತ್ತೆ. ಅಡುಗೆಗೆ ಆಳು ಇಡಿ, ಅದರಲ್ಲಿ ಮಾತ್ರ ದುಡ್ಡು ಉಳಿಸ್ಬೇಡಿ. ಬಡಿಸೋ ಕೆಲ್ಸ ಗಂಡಸರದ್ದು ಅಂತ ನಮ್ಮಲ್ಲಿ ನಿಯಮ, ಮೊದಲ ಪಂಕ್ತೀಲಿ ಕೂರೋದು ಹೆಣ್ಮಕ್ಕಳು ಮತ್ತೆ ಸೊಸೆಯಂದಿರು.

ಆ ದಿನ

ಬೆಂಗಳೂರಿಂದ ಹಾಸನ 185 ಕಿಲೋಮೀಟರ್ ಹತ್ರ, ಕುಣಿಗಲ್ ಮೇಲೆ ರೈಲೂ ಇದೆ, ಹೊರಗಿನವರು ಶನಿವಾರ ರಾತ್ರಿನೇ ಬಂದು ಉಳ್ಕೊಂಡ್ರೆ ಒಳ್ಳೇದು, ನಿಜವಾದ ಮಾತುಕತೆ ಆಗೋದು ಆ ರಾತ್ರಿ ಜಗಲೀಲಿ. ಬೆಳಿಗ್ಗೆ ಒಂಬತ್ತಕ್ಕೆ ತಿಂಡಿ, ಹತ್ತೂವರೆಗೆ ಮನೆದೇವರ ಪೂಜೆ, ಹಿರಿಯರಿಗೆ ಎಡೆ. ಆಮೇಲೆ ಪರಿಚಯ. ವೇದಿಕೆ ಬೇಡ, ಮುಖ್ಯ ಅತಿಥಿ ಬೇಡ, ರಾಜಕೀಯದವರಂತೂ ಬೇಡವೇ ಬೇಡ, ನೆಂಟರೇ ಆಗಿದ್ರೂ ಎಲ್ಲರ ಹಾಗೆ ಚಾಪೆ ಮೇಲೆ ಕೂರ್ಲಿ. ಪರಿಚಯ ದೊಡ್ಡವರ ಕೈಗೆ ಕೊಟ್ರೆ ಭಾಷಣ ಆಗುತ್ತೆ, ನಾವು ಪ್ರತಿ ಮನೆಯಿಂದ ಒಂದು ಮಗು ಬಂದು ತನ್ನ ಅಜ್ಜಿ ಕೈ ಹಿಡ್ಕೊಂಡು ಅಜ್ಜಿ ಹೆಸರು, ಅಜ್ಜಿ ತೌರು, ತನ್ನ ಮರದ ನಂಬರ್ ಹೇಳ್ಬೇಕು ಅಂತ ಮಾಡಿದೀವಿ. ಎರಡು ನಿಮಿಷ, ಅಷ್ಟೇ. ಕಾಲೇಜು ಮಕ್ಕಳಿಗೆ ಯಾರು ಅಣ್ಣ ತಂಗಿ ವರಸೆ, ಯಾರು ಅತ್ತೆ ಮಾವನ ಮಕ್ಕಳು ಅಂತ ಆಗ್ಲೇ ತಿಳಿಯುತ್ತೆ. ಆ ವರ್ಷ ತೀರಿಹೋದವರ ಹೆಸರು ಓದಿ, ಹುಟ್ಟಿದ ಮಕ್ಕಳು ಮತ್ತೆ ಬಂದ ಸೊಸೆ ಅಳಿಯಂದಿರ ಹೆಸರನ್ನ ಎಲ್ಲರೆದುರೇ ಮರದಲ್ಲಿ ಬರೀರಿ, ಬರೆಯೋ ಪೆನ್ನು ಅತಿ ಹಿರಿಯರ ಕೈಲಿರ್ಲಿ, ಕೈ ನಡುಗಿದ್ರೂ ಪರವಾಗಿಲ್ಲ.

ನಾಲ್ಕೂವರೆಗೆ ಕಾಫಿ, ಐದಕ್ಕೆ ಎಲ್ಲ ಹೊರಡ್ಬೇಕು. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆಯವರಿಗೆ ಕಾರಣ ಹೇಳ್ಬೇಕಾಗಿಲ್ಲ, ಕತ್ತಲಾದ ಮೇಲೆ ತೋಟದ ರೋಡಲ್ಲಿ ಕಾಡಾನೆ ಯಾವ ತಿರುವಲ್ಲಿ ನಿಂತಿರುತ್ತೋ ಗೊತ್ತಾಗಲ್ಲ. ಅರಣ್ಯ ಇಲಾಖೆಯವರು ಆನೆ ಎಲ್ಲಿದೆ ಅಂತ ಮೆಸೇಜ್ ಕಳಿಸ್ತಾರೆ, ಅದನ್ನ ನೋಡ್ತಾ ಇರೋಕೆ ಒಬ್ಬರನ್ನ ನೇಮಿಸಿ, ಬೆಂಗಳೂರು ಹುಡುಗ್ರಿಗೆ ರಾತ್ರಿ ಬೈಕಲ್ಲಿ ಹೋಗೋಕೆ ಬಿಡ್ಬೇಡಿ.

ಮುಗಿದ ಮೇಲೆ

ಮುಂದಿನ ವರ್ಷ ಯಾವ ಕವಲಿನವರು ನಡೆಸ್ತಾರೆ ಅನ್ನೋದು ಸಂಜೆ ಕಾಫಿಗೆ ಮುಂಚೆನೇ ತೀರ್ಮಾನ ಆಗ್ಬೇಕು, ಆಮೇಲೆ ಫೋನಲ್ಲಿ ಆಗಲ್ಲ. ಒಂದು ವಾರದೊಳಗೆ ಲೆಕ್ಕ ಗ್ರೂಪಿಗೆ ಹಾಕಿ, ಬಿಲ್ಲಿನ ಫೋಟೋ ಸಮೇತ. ಒಂದು ತಿಂಗಳೊಳಗೆ ಗೋಡೆ ಹಾಳೆ ಮೇಲಿನ ತಿದ್ದುಪಡಿಗಳನ್ನ ಕಾಪಿ ಮಾಡಿ, ಬರೆದವರಿಗೆ ಫೋನ್ ಮಾಡಿ ಸರಿ ನೋಡ್ಕೊಳಿ, ಬಾರದೇ ಇದ್ದ ಮನೆಗಳಿಗೆ ಅವರ ಕವಲಿನ ಹಾಳೆಯ ಜೆರಾಕ್ಸು ಪೋಸ್ಟಲ್ಲಿ ಕಳಿಸಿ.

ನಮ್ಮಲ್ಲಿ ಒಂದು ತಗಡಿನ ಟ್ರಂಕ್ ಇದೆ, ಊರು ಬಿಡುವಾಗ ಅಜ್ಜಿ ತಲೆ ಮೇಲೆ ಹೊತ್ಕೊಂಡು ಬಂದಿದ್ದು. ಮುಯ್ಯಿ ಪುಸ್ತಕಗಳು, ಪಾರಿಕತ್ತಿನ ನಕಲು, ಅವಾರ್ಡ್ ಕಾಪಿ, ಫೋಟೋ ಕವರುಗಳು, ಪೆನ್‌ಡ್ರೈವು, ಆ 1959ರ ಹಾಳೆ, ಪಕ್ಕದಲ್ಲೇ ಏಳೂ ಮಕ್ಕಳ ಹೆಸರಿರೋ ಹೊಸ ಹಾಳೆ, ಎಲ್ಲ ಅದರಲ್ಲಿದೆ. ಜೊತೆಗೆ ಬೇವಿನ ಎಲೆ ಒಣಗಿಸಿ ಹಾಕ್ತೀವಿ, ಮಳೆಗಾಲ ಮುಗಿದ ಮೇಲೆ ಒಂದ್ಸಲ ಬಿಸಿಲಿಗೆ ಇಡ್ಬೇಕು, ಇಲ್ದಿದ್ರೆ ನಮ್ಮ ಮಲೆನಾಡ ಥಂಡಿಗೆ ಬೂಸ್ಟು ಹಿಡಿಯುತ್ತೆ. ಮುಂದಿನ ವರ್ಷ ನಡೆಸೋ ಮನೆಗೆ ಟ್ರಂಕ್ ಹೋಗುತ್ತೆ, ಬೀಗದ ಕೈ ಆ ಮನೆ ಹಿರಿ ಹೆಣ್ಮಗಳ ಕೈಗೆ. ಈ ಸಲ ಅದು ಮೂಡಿಗೆರೆ ಅತ್ತೆಯ ಮೊಮ್ಮಗಳ ಮನೆಗೆ ಹೋಗಿದೆ.